ತಂತಿ ಎಲ್ಲಿ ತುಂಡಾಗಿದೆ?



ಸಂಜೆ ಏಳು ಗಂಟೆಯಾಗಿದೆ ಎಂದುಕೊಳ್ಳಿ. ನೀವು ಸಿಂಧನೂರಿನಲ್ಲೋ ಲಿಂಗಸುಗೂರಿನಲ್ಲೋ ಮಸ್ಕಿಯಲ್ಲೋ ಒಂದು ವಿದ್ಯಾರ್ಥಿನಿಲಯದ ಕಂಪ್ಯೂಟರ್ ಕೋಣೆಯಲ್ಲಿ ಕುಳಿತಿದ್ದೀರಿ. ವಿದ್ಯಾರ್ಥಿವೇತನದ ಅರ್ಜಿಗೆ ಇಂದೇ ಕಡೆಯ ದಿನ. ಪ್ರಮಾಣಪತ್ರದ ಸಂಖ್ಯೆ, ಬ್ಯಾಂಕಿನ ಖಾತೆ, ತಂದೆಯ ಆದಾಯ ಎಲ್ಲವನ್ನೂ ತುಂಬಿದ್ದಾಯಿತು. ಕೊನೆಯ ಗುಂಡಿ ಒತ್ತಿದಿರಿ. ಪರದೆಯ ಮೇಲೆ ಸಣ್ಣ ಚಕ್ರವೊಂದು ತಿರುಗತೊಡಗಿತು, ತಿರುಗುತ್ತಲೇ ಇದೆ. ಹಿಂದೆ ನಿಂತಿದ್ದ ಗೆಳೆಯ “ನೆಟ್ ಹೋಯ್ತು” ಎಂದು ತೀರ್ಪು ಕೊಟ್ಟು ಊಟಕ್ಕೆ ಹೊರಟ.

ಹೋಯಿತು, ಸರಿ. ಆದರೆ ಎಲ್ಲಿ ಹೋಯಿತು? ಈ ಕೋಣೆಯೊಳಗೋ, ಕಾರಿಡಾರಿನಲ್ಲೋ, ಊರಿನ ಎಕ್ಸ್‌ಚೇಂಜಿನಲ್ಲೋ, ರಸ್ತೆ ಅಗೆಯುವವರ ಜೆಸಿಬಿಯ ಹಲ್ಲಿನಲ್ಲೋ? ಈ ತಿಂಗಳ ನಮ್ಮ ಮಾತುಕತೆ ಕಾರ್ಯಕ್ರಮದಲ್ಲಿ ಅಂತರಜಾಲ ಬೆಳೆದ ಬಗೆಯನ್ನು ಕುರಿತು ಹೇಳಿದ್ದೆವು. ಸಮಯ ಸಾಲದೆ ಬಿಟ್ಟುಹೋದ ಭಾಗವೊಂದಿತ್ತು. ಸಂಪರ್ಕ ಕಡಿದುಹೋದಾಗ ಮನುಷ್ಯರು ಅದನ್ನು ಹುಡುಕಲು ಕಲಿತ ಚರಿತ್ರೆ ಅದು. ನನಗೆ ಕೇಳಿದರೆ ಸಂಪರ್ಕವನ್ನು ಕಂಡುಹಿಡಿದವರ ಕತೆಗಿಂತ ಇದೇ ಹೆಚ್ಚು ಸ್ವಾರಸ್ಯದ್ದು.

ನಮ್ಮ ದೇಶದಲ್ಲಿ ಈ ಕತೆ ತಂತಿ ಕಂಬಗಳಿಂದ ಆರಂಭವಾಗುತ್ತದೆ. ಕಲ್ಕತ್ತದಲ್ಲಿ ವೈದ್ಯರೂ ರಸಾಯನಶಾಸ್ತ್ರದ ಅಧ್ಯಾಪಕರೂ ಆಗಿದ್ದ ವಿಲಿಯಂ ಓಶಾಗ್ನೆಸಿ 1839ರಲ್ಲಿಯೇ ವಿದ್ಯುತ್ ತಂತಿಯ ಮೂಲಕ ಸಂಕೇತ ಕಳಿಸುವ ಪ್ರಯೋಗ ಮಾಡಿದ್ದರು. 1851ರಲ್ಲಿ ಕಲ್ಕತ್ತದಿಂದ ಡೈಮಂಡ್ ಹಾರ್ಬರಿನ ಕಡೆಗೆ ಮಾರ್ಗ ಸಿದ್ಧವಾಯಿತು. 1855ರ ಹೊತ್ತಿಗೆ ಆಗ್ರಾ, ಬೊಂಬಾಯಿ, ಮದರಾಸುಗಳು ತಂತಿಯಿಂದ ಸೇರಿದ್ದವು. ಸಾರ್ವಜನಿಕರೂ ತಂತಿ ಕಳಿಸಬಹುದಾಗಿತ್ತು. ಮಾರ್ಗ ಬೆಳೆದಷ್ಟೂ ಅದು ಕೆಡುವ ಅವಕಾಶಗಳೂ ಬೆಳೆದವು. ಮಳೆಗಾಲದ ಬಿರುಗಾಳಿ, ಮುರಿದು ಬಿದ್ದ ಮರ, ಗೆದ್ದಲು ಹಿಡಿದ ಕಂಬ, ಒಡೆದ ಪಿಂಗಾಣಿ ಬಟ್ಟಲು. ಸುದ್ದಿ ನಿಂತ ಕೂಡಲೇ ನೂರಾರು ಮೈಲಿ ಉದ್ದದ ಮಾರ್ಗದಲ್ಲಿ ಆಳನ್ನು ಎಲ್ಲಿಗೆ ಓಡಿಸಬೇಕು?

ಮೊದಲ ಉಪಾಯ ಬಹಳ ಸರಳ. ಲೆಕ್ಕಕ್ಕಾಗಿ, ಸಿಂಧನೂರಿನಿಂದ ಲಿಂಗಸುಗೂರಿಗೆ ಒಂದು ತಂತಿ ಎಳೆದಿದೆ ಎಂದು ಭಾವಿಸಿ. ನಡುವೆ ಮಸ್ಕಿ. ಸಿಂಧನೂರು ಕರೆದರೆ ಲಿಂಗಸುಗೂರು ಉತ್ತರಿಸುತ್ತಿಲ್ಲ. ಆಗ ಮಸ್ಕಿಯನ್ನು ಕರೆಯಬೇಕು. ಮಸ್ಕಿ ಉತ್ತರಿಸಿದರೆ ತಂತಿ ಕೆಟ್ಟಿರುವುದು ಮಸ್ಕಿಯ ಆಚೆ, ಉತ್ತರಿಸದಿದ್ದರೆ ಈಚೆ. ಒಂದೇ ಪ್ರಶ್ನೆಯಲ್ಲಿ ಅರ್ಧ ದಾರಿ ಉಳಿಯಿತು. ಉಳಿದರ್ಧವನ್ನು ಮತ್ತೆ ಅರ್ಧ ಮಾಡಿ. ಕಂಬ ಕಂಬವನ್ನೂ ನೋಡುತ್ತ ನಡೆಯುವವನಿಗಿಂತ ಈ ಕ್ರಮದವನು ಎಷ್ಟು ಬೇಗ ಮುಟ್ಟುತ್ತಾನೆಂದು ನೀವೇ ಎಣಿಸಿ ನೋಡಿ: 1000 ಕಂಬಗಳಿದ್ದರೆ ಹತ್ತು ಪ್ರಶ್ನೆಗಳು ಸಾಕು.

ಎರಡನೆಯ ಉಪಾಯವನ್ನು ನಿಮ್ಮಲ್ಲಿ ಪಿಯುಸಿ ವಿಜ್ಞಾನ ಓದಿದವರು ಕೈಯಾರೆ ಮಾಡಿದ್ದೀರಿ. ಮಾಡಿದ್ದು ನಿಮಗೆ ಗೊತ್ತಿಲ್ಲ ಅಷ್ಟೆ. ಪ್ರಯೋಗಶಾಲೆಯ ಮೀಟರ್ ಬ್ರಿಜ್ ನೆನಪಿದೆಯೆ? ಒಂದು ಮೀಟರ್ ತಂತಿಯ ಮೇಲೆ ಜಾಕಿಯನ್ನು ಸರಿಸುತ್ತ ಗ್ಯಾಲ್ವನೋಮೀಟರಿನ ಮುಳ್ಳು ಸೊನ್ನೆಗೆ ಬರುವ ಜಾಗ ಹುಡುಕುತ್ತೀರಲ್ಲ? ಅಂಕ ಗಳಿಸಲು ಇರುವ ಪ್ರಯೋಗ ಎಂದು ನಾನೂ ತಿಳಿದಿದ್ದೆ. ಅದರ ತತ್ತ್ವವನ್ನು 1833ರಲ್ಲಿ ಸ್ಯಾಮ್ಯುಯೆಲ್ ಕ್ರಿಸ್ಟಿ ಹೇಳಿದರು, 1843ರಲ್ಲಿ ಚಾರ್ಲ್ಸ್ ವೀಟ್‌ಸ್ಟನ್ ಬಳಕೆಗೆ ತಂದರು. ತಂತಿ ಇಲಾಖೆಯವರು ಅದನ್ನು ಮೈದಾನಕ್ಕೆ ಒಯ್ದರು. ತಂತಿಯೊಂದು ಎಲ್ಲೋ ನೆಲಕ್ಕೆ ತಾಗಿ ಕೆಟ್ಟಿದೆ ಎನ್ನಿ. ದೂರದ ತುದಿಯಲ್ಲಿ ಅದನ್ನು ಸರಿಯಾಗಿರುವ ಇನ್ನೊಂದು ತಂತಿಗೆ ಸೇರಿಸುತ್ತಾರೆ. ಈಗ ಹೋಗಿ ಬರುವ ಒಂದು ದೊಡ್ಡ ಕುಣಿಕೆಯಾಯಿತು. ಈಚೆ ತುದಿಯಲ್ಲಿ ಎರಡು ರೋಧಗಳನ್ನಿಟ್ಟು ಮುಳ್ಳನ್ನು ಸೊನ್ನೆಗೆ ತರುತ್ತಾರೆ. ಮಾರ್ಗ 10 ಕಿಲೋಮೀಟರ್ ಇದ್ದರೆ ಕುಣಿಕೆ 20 ಕಿಲೋಮೀಟರ್. ರೋಧಗಳು 4ಕ್ಕೆ 1ರ ಪ್ರಮಾಣದಲ್ಲಿ ಸಮತೂಗಿದವು ಎಂದರೆ, ಕುಣಿಕೆಯ ಐದನೆಯ ಒಂದು ಭಾಗದಲ್ಲಿ, ಅಂದರೆ 4 ಕಿಲೋಮೀಟರ್ ದೂರದಲ್ಲಿ ದೋಷವಿದೆ. ಕುರ್ಚಿಯಿಂದ ಏಳದೆ ಕಚೇರಿಯವನು ಲೈನ್‌ಮನ್‌ಗೆ “ನಾಲ್ಕನೆಯ ಕಿಲೋಮೀಟರ್ ಕಲ್ಲಿನ ಹತ್ತಿರ ನೋಡು” ಎನ್ನಬಹುದು. ಇದಕ್ಕೆ ಮರ್ರೆ ಕುಣಿಕೆ ಪರೀಕ್ಷೆ ಎಂದು ಹೆಸರು. ಭಾರತದಲ್ಲಿ ತಂತಿ ಸೇವೆ 2013ರ ಜುಲೈಯಲ್ಲಿ ನಿಂತುಹೋಯಿತು. ಈ ಪರೀಕ್ಷೆ ಮಾತ್ರ ಭೂಗತ ಕೇಬಲ್ಲುಗಳಲ್ಲಿ ಉಳಿದುಕೊಂಡಿದೆ.

ಇನ್ನು ದೂರವಾಣಿ. ಇದನ್ನು ಬೇಗ ದಾಟೋಣ, ಆದರೆ ಒಂದು ಊರಿನ ಹೆಸರು ಹೇಳದೆ ದಾಟಲಾರೆ. ಹಳ್ಳಿಗಳಿಗೆ ತಕ್ಕ ಎಕ್ಸ್‌ಚೇಂಜ್ ತಯಾರಿಸಲೆಂದು 1984ರಲ್ಲಿ ಸಿ-ಡಾಟ್ ಎಂಬ ಸಂಸ್ಥೆ ಹುಟ್ಟಿತು. ಆಗ ಹೊರದೇಶದ ಎಕ್ಸ್‌ಚೇಂಜ್‌ಗಳಿಗೆ ಹವಾನಿಯಂತ್ರಿತ ಕೋಣೆ ಬೇಕಿತ್ತು. ನಮ್ಮ ಬಿಸಿಲು, ಧೂಳು, ಹೋಗಿ ಬರುವ ಕರೆಂಟು ಅವುಗಳಿಗೆ ಒಗ್ಗದು. ಸಿ-ಡಾಟ್ ಮಾಡಿದ 128 ಸಾಲುಗಳ ಸಣ್ಣ ಎಕ್ಸ್‌ಚೇಂಜ್ ಹವಾನಿಯಂತ್ರಣವಿಲ್ಲದೆ ನಡೆಯುತ್ತಿತ್ತು. ಅದು ಮೊದಲು 1986ರಲ್ಲಿ ಕೆಲಸ ಆರಂಭಿಸಿದ್ದು ನಮ್ಮ ಕಿತ್ತೂರಿನಲ್ಲಿ. ನಮ್ಮ ಭಾಗದ ಊರುಗಳಿಗೆ ಅಂತರಜಾಲ ಮೊದಲು ಬಂದದ್ದು ಇಂಥ ಎಕ್ಸ್‌ಚೇಂಜುಗಳ ತಾಮ್ರದ ತಂತಿಯ ಮೇಲೆಯೇ.

ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರಜಾಲ ತೆರೆದದ್ದು 1995ರ ಆಗಸ್ಟ್ 15ರಂದು, ಅದೂ ಮೊದಲಿಗೆ ಮಹಾನಗರಗಳಲ್ಲಿ. ಸಿಂಧನೂರಿನಂಥ ಊರಿನ ವಿದ್ಯಾರ್ಥಿನಿಲಯದ ಬಾಗಿಲಿಗೆ ಅದು ಬರುವ ಹೊತ್ತಿಗೆ ನಾನು ಪದವಿ ವಿದ್ಯಾರ್ಥಿ. 2002ನೆಯ ಇಸವಿ. ನಮ್ಮ ನಿಲಯದಲ್ಲಿ ಇದ್ದದ್ದು ಒಂದು ಕಂಪ್ಯೂಟರ್, ಒಂದು ಮೋಡೆಮ್, ಒಂದು ದೂರವಾಣಿ ಸಾಲು. ಮೋಡೆಮ್ ಎಂದರೆ ಕಂಪ್ಯೂಟರಿನ ಸೊನ್ನೆ-ಒಂದುಗಳನ್ನು ಕೇಳಿಸುವ ಸದ್ದಾಗಿ ಬದಲಾಯಿಸಿ ದೂರವಾಣಿಯ ತಂತಿಗೆ ಬಿಡುವ ಪೆಟ್ಟಿಗೆ. ಅದು ಎಕ್ಸ್‌ಚೇಂಜಿಗೆ ಕರೆ ಮಾಡುವಾಗ ಕೀರಲು ದನಿ ಹೊರಡಿಸುತ್ತಿತ್ತು. ಆ ದನಿಯನ್ನು ನೀವು ಕೇಳಿರಲಾರಿರಿ. ನಮಗೆ ಮಾತ್ರ ಅದು ಬಾಯಿಪಾಠವಾಗಿತ್ತು. ಎಲ್ಲಿ ತಡವರಿಸಿದರೆ ಇವತ್ತು ಸಂಪರ್ಕ ಸಿಗದು ಎಂದು ಕಿವಿಯೇ ಹೇಳುತ್ತಿತ್ತು.

ನನ್ನ ಕೋಣೆಯ ಗೆಳೆಯನೊಬ್ಬ ಎಂ.ಎಸ್ಸಿ. ಸೇರಲು ಅರ್ಜಿ ಹಾಕಬೇಕಿತ್ತು. ಹೊರರಾಜ್ಯದ ಸಂಸ್ಥೆ, ಅರ್ಜಿಯನ್ನು ಅಂತರಜಾಲದಲ್ಲಿಯೂ ಪಡೆಯುತ್ತಿದ್ದರು. ಅಂಚೆಗೆ ಹೊತ್ತು ಮೀರಿದ್ದರಿಂದ ಉಳಿದ ದಾರಿ ಅದೊಂದೇ. ಕಡೆಯ ದಿನ ಮಧ್ಯಾಹ್ನದಿಂದ ಮೋಡೆಮ್ ಕರೆ ಮಾಡಲು ನಿರಾಕರಿಸಿತು. ನಾವು ಕಂಪ್ಯೂಟರನ್ನು ಆರಿಸಿ ಹೊತ್ತಿಸಿದೆವು. ಮೋಡೆಮ್‌ನ ತಂತ್ರಾಂಶವನ್ನು ತೆಗೆದು ಮತ್ತೆ ಹಾಕಿದೆವು. ಕ್ಯಾಬಿನೆಟ್ಟಿನ ಮೊಳೆಗಳನ್ನೂ ಬಿಚ್ಚಿದೆವು. ಮೇಲ್ವಿಚಾರಕರ ಬಳಿ ಹೋದರೆ, “ಏನಪಾ, ಮಶೀನ್ ಕೆಟ್ರ ನಾ ಏನ್ ಮಾಡ್ಲಿ?” ಎಂದರು. ರಾತ್ರಿ ಹನ್ನೆರಡು ಹೊಡೆಯಿತು. ಅವನು ಏನೂ ಮಾತಾಡಲಿಲ್ಲ. ಚಾಪೆ ಸುತ್ತಿಕೊಂಡು ಮಾಳಿಗೆಯ ಮೇಲೆ ಹೋಗಿ ಮಲಗಿದ.

ಮರುದಿನ ಲೈನ್‌ಮನ್ ಬಂದರು. ವಯಸ್ಸಾದವರು, ಸೈಕಲ್ಲಿನ ಮೇಲೆ ಒಂದು ಚೀಲ. ನಾನು ಕಂಪ್ಯೂಟರಿನ ವರದಿ ಒಪ್ಪಿಸತೊಡಗಿದೆ. ಅವರು ಕೈ ಅಡ್ಡ ಹಿಡಿದು, “ತಮ್ಮಾ, ಮಶೀನ್ ಮಾತು ಆಮ್ಯಾಲೆ ಕೇಳೂಣು. ಮೊದಲ ರಿಸೀವರ್ ಎತ್ತಿ ಕಿವೀಗೆ ಹಿಡಕೋ. ಗುಂಯ್ ಅಂತತೇನು?” ಎಂದರು. ಇಲ್ಲ, ಡಯಲ್ ಟೋನ್ ಇರಲಿಲ್ಲ. ಅವರು ಗೋಡೆಯ ಮೇಲಿನ ತಂತಿಯನ್ನು ಹಿಡಿದು ನಡೆಯುತ್ತ ಹೋದರು. ಆ ತಂತಿ ಇನ್ನೊಂದು ಕೋಣೆಗೆ ಕವಲೊಡೆದಿತ್ತು. ಅಲ್ಲಿ ಕಡತಗಳ ಅಡಿಯಲ್ಲಿ ಎರಡನೆಯ ಫೋನು. ಅದರ ರಿಸೀವರ್ ಅರ್ಧ ಇಂಚು ಓರೆಯಾಗಿ ಕುಳಿತಿತ್ತು. ಅವರು ಅದನ್ನು ಸರಿಯಾಗಿ ಇಟ್ಟರು. ಅಷ್ಟೆ. ಗೆಳೆಯ ಒಂದು ವರ್ಷ ಕಾರಟಗಿ ಕಡೆಯ ತಮ್ಮ ಗದ್ದೆಯಲ್ಲಿ ಕಳೆದು, ಮುಂದಿನ ವರ್ಷ ಬೇರೆ ಕಡೆ ಸೇರಿದ.

ನಾವು ಮಾಡಿದ ತಪ್ಪು ಏನೆಂದು ನೋಡಿ. ಕಣ್ಣ ಮುಂದಿದ್ದ ವಸ್ತುವಿನಲ್ಲೇ ದೋಷವಿದೆ ಎಂದು ಹಿಡಿದುಕೊಂಡೆವು. ಮಾರ್ಗವನ್ನು ಎರಡು ಭಾಗ ಮಾಡಿ ಕೇಳಲೇ ಇಲ್ಲ. ಬಿ.ಎಸ್ಸಿ. ತರಗತಿಯಲ್ಲಿ ವೀಟ್‌ಸ್ಟನ್ ಸೇತುವೆಗೆ ನನಗೆ ಒಳ್ಳೆಯ ಅಂಕ ಬಂದಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ.

ಅಂತರಜಾಲದ ಮೊದಲ ಸಂದೇಶವೇ ನಡುವೆ ಕಡಿದುಹೋದದ್ದು ಎಂಬ ಸಂಗತಿ ಬಹುಶಃ ಆ ರಾತ್ರಿ ನಮಗೆ ತಿಳಿದಿದ್ದರೆ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ. 1969ರ ಅಕ್ಟೋಬರ್ 29ರಂದು ಅಮೆರಿಕದ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಿಂದ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿಗೆ ‘ಲಾಗಿನ್’ ಎಂಬ ಪದವನ್ನು ಕಳಿಸಲು ಹೊರಟ. ಆಚೆ ತುದಿಯವರೊಡನೆ ದೂರವಾಣಿಯಲ್ಲಿ ಮಾತೂ ನಡೆದಿತ್ತು. ಎಲ್ ಬಂತೆ? ಬಂತು. ಓ ಬಂತೆ? ಬಂತು. ಮೂರನೆಯ ಅಕ್ಷರಕ್ಕೆ ಆಚೆಯ ಯಂತ್ರ ಕುಸಿಯಿತು. ಒಂದೊಂದೇ ಅಕ್ಷರ ಕಳಿಸಿ ಒಂದೊಂದಕ್ಕೂ ಉತ್ತರ ಪಡೆದದ್ದರಿಂದ ಎಲ್ಲಿ ನಿಂತಿತೆಂದು ಅವರಿಗೆ ಕೂಡಲೇ ತಿಳಿಯಿತು. ಸುಮಾರು ಒಂದು ಗಂಟೆಯ ಬಳಿಕ ಪೂರ್ಣ ಪದ ತಲುಪಿತು.

‘ಬಂತೆ? ಬಂತು’ ಎಂಬ ಈ ಸಂಭಾಷಣೆಯನ್ನೇ 1983ರ ಡಿಸೆಂಬರಿನಲ್ಲಿ ಮೈಕ್ ಮೂಸ್ ಎಂಬ ಅಮೆರಿಕದ ಎಂಜಿನಿಯರ್ ಒಂದು ಪುಟ್ಟ ತಂತ್ರಾಂಶವಾಗಿ ಬರೆದ. ಅದರ ಹೆಸರು ಪಿಂಗ್. ಜಲಾಂತರ್ಗಾಮಿಗಳು ನೀರಿನಲ್ಲಿ ಸದ್ದು ಬಿಟ್ಟು ಪ್ರತಿಧ್ವನಿಗೆ ಕಾಯುತ್ತವಲ್ಲ, ಆ ಸದ್ದಿನ ಹೆಸರು. ಒಂದು ಪೊಟ್ಟಣವನ್ನು ಇನ್ನೊಂದು ಕಂಪ್ಯೂಟರಿಗೆ ಕಳಿಸಿ, ಅದು ಮರಳಿ ಬರಲು ಎಷ್ಟು ಮಿಲಿಸೆಕೆಂಡ್ ಬೇಕಾಯಿತೆಂದು ಹೇಳುತ್ತದೆ. ಮೂಸ್ ಹೇಳಿಕೊಂಡ ಒಂದು ಪ್ರಸಂಗ ನನಗೆ ಬಹಳ ಇಷ್ಟ. ಒಂದು ಕಡೆ ಕೇಬಲ್ ಜೋಡಣೆಯೊಂದು ಸಡಿಲವಾಗಿತ್ತು, ಯಾವುದೆಂದು ತಿಳಿಯದು. ಅಲ್ಲಿನವನೊಬ್ಬ ಉತ್ತರ ಬಂದಾಗಲೆಲ್ಲ ಕಂಪ್ಯೂಟರ್ ಗಟ್ಟಿಯಾಗಿ ‘ಪಿಂಗ್’ ಎಂದು ಕೂಗುವಂತೆ ಮಾಡಿ, ಕಟ್ಟಡವಿಡೀ ತಿರುಗುತ್ತ ಒಂದೊಂದೇ ಜೋಡಣೆಯನ್ನು ಅಲುಗಾಡಿಸಿದ. ಯಾವುದನ್ನು ಮುಟ್ಟಿದಾಗ ಕೂಗು ನಿಂತಿತೋ ಅದೇ ಕಳ್ಳ.

ಈಗ ನಿಮ್ಮ ಕಂಪ್ಯೂಟರ್ ಕೋಣೆಗೆ ಮರಳೋಣ. ಇಂದು ಬಹುತೇಕ ಕಡೆ ಮೋಡೆಮ್‌ನ ಕೀರಲು ದನಿ ಇಲ್ಲ. ಗೋಡೆಯಲ್ಲಿ ಒಂದು ರೂಟರ್, ಅದರಿಂದ ಸ್ವಿಚ್ ಎಂಬ ಪೆಟ್ಟಿಗೆ, ಅದರಿಂದ ಎಂಟು ಎಳೆಗಳ ಕೇಬಲ್ಲುಗಳು. ಕೇಬಲ್ ಸಿಕ್ಕಿಸುವಲ್ಲಿ ಹಸಿರು ದೀಪ ಉರಿಯುತ್ತಿದೆಯೆ? ಅದು ನಿಮ್ಮ ಡಯಲ್ ಟೋನ್. ಉರಿಯದಿದ್ದರೆ ಮುಂದಿನ ಯಾವ ಪರೀಕ್ಷೆಯೂ ಬೇಡ, ಕೇಬಲ್ ನೋಡಿ. ದೀಪವಿದ್ದರೆ ಕಂಪ್ಯೂಟರಿನ ಅಂಕಿ-ವಿಳಾಸ ನೋಡಿ. ಅದು 169.254 ಎಂದು ಆರಂಭವಾಗಿದ್ದರೆ, ವಿಳಾಸ ಹಂಚುವ ರೂಟರನ್ನು ಕೇಳಿ ಕೇಳಿ ಉತ್ತರ ಸಿಗದೆ ಕಂಪ್ಯೂಟರ್ ತನಗೆ ತಾನೇ ಹೆಸರಿಟ್ಟುಕೊಂಡಿದೆ ಎಂದರ್ಥ. ವಿಳಾಸ ಸರಿಯಿದ್ದರೆ ರೂಟರಿಗೆ ಪಿಂಗ್ ಮಾಡಿ. ಅನೇಕ ಕಡೆ ಅದರ ಸಂಖ್ಯೆ 192.168.1.1. ಇದೇ ನಿಮ್ಮ ಮಸ್ಕಿ. ರೂಟರ್ ಉತ್ತರಿಸಿದರೆ ಕಟ್ಟಡದೊಳಗೆ ಕ್ಷೇಮ, ದೋಷ ಹೊರಗೆ. ಉತ್ತರಿಸದಿದ್ದರೆ ದೂರು ಕೊಡುವ ಮುನ್ನ ಕಾರಿಡಾರ್ ನೋಡಿ.

ಕಾರಿಡಾರಿನಲ್ಲಿ ಏನೇನು ಕಾಣಸಿಗುತ್ತದೆ ಎಂದು ಹೇಳುವುದಕ್ಕೆ ಇನ್ನೊಂದು ಲೇಖನವೇ ಬೇಕು. ಒಬ್ಬ ಪುಣ್ಯಾತ್ಮ ನೇತಾಡುತ್ತಿದ್ದ ಕೇಬಲ್ಲಿನ ತುದಿಯನ್ನು ಕಂಡು, ಪಾಪ ಕಳಚಿದೆ ಎಂದು ಅದೇ ಸ್ವಿಚ್ಚಿಗೆ ಸಿಕ್ಕಿಸಿರುತ್ತಾನೆ. ಎರಡೂ ತುದಿ ಒಂದೇ ಪೆಟ್ಟಿಗೆಯಲ್ಲಿ! ಕೆಲವು ಸಂದೇಶಗಳನ್ನು ಎಲ್ಲರಿಗೂ ಕಳಿಸುವುದು ಸ್ವಿಚ್ಚಿನ ಧರ್ಮ. ಆ ಸಂದೇಶ ಕುಣಿಕೆಯಲ್ಲಿ ಸುತ್ತಿ ಸುತ್ತಿ ಲಕ್ಷಗಟ್ಟಲೆಯಾಗಿ ಇಡೀ ನಿಲಯ ಸ್ತಬ್ಧ. ದೀಪಗಳೆಲ್ಲ ಹುಚ್ಚೆದ್ದು ಮಿನುಗುತ್ತವೆ, ಕೆಲಸ ಮಾತ್ರ ಸೊನ್ನೆ. ಇದನ್ನು ತಡೆಯುವ ಕ್ರಮವನ್ನು 1985ರಲ್ಲಿ ರೇಡಿಯಾ ಪರ್ಲ್‌ಮನ್ ಎಂಬ ಗಣಿತ ಓದಿದ ಮಹಿಳೆ ರೂಪಿಸಿದರು. ಆದರೆ ಅಗ್ಗದ ಸ್ವಿಚ್ಚುಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ.

ಇನ್ನೊಂದು ದೋಷ ನಮ್ಮ ಭಾಗದ ಕರೆಂಟಿಗೆ ತಕ್ಕದ್ದು. ಪಿಂಗ್ ಸರಿ, ವಿಳಾಸ ಸರಿ, ಆದರೂ ಸರ್ಕಾರದ ಅರ್ಜಿಯ ಪುಟ “ಸುರಕ್ಷಿತವಲ್ಲ” ಎಂದು ತೆರೆಯಲು ಒಪ್ಪುವುದಿಲ್ಲ. ಪರದೆಯ ಮೂಲೆಯ ತಾರೀಖು ನೋಡಿ. ಎಷ್ಟೋ ವರ್ಷ ಹಿಂದಿನದು ಇರಬಹುದು! ಕಂಪ್ಯೂಟರ್ ಆರಿದಾಗ ಗಡಿಯಾರ ನಡೆಸುವ ನಾಣ್ಯದಾಕಾರದ ಬ್ಯಾಟರಿ ಸತ್ತಿದೆ. ಭದ್ರ ಪುಟಗಳ ಪ್ರಮಾಣಪತ್ರಕ್ಕೆ ಇಂತಿಂಥ ದಿನದಿಂದ ಇಂತಿಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಹಿಂದಿನ ತಾರೀಖಿನಲ್ಲಿ ಕುಳಿತ ಕಂಪ್ಯೂಟರಿಗೆ ಅದು ಇನ್ನೂ ಹುಟ್ಟದ ಪತ್ರ. ಪೇಟೆಯ ವಾಚಿನ ಅಂಗಡಿಯಲ್ಲಿ ಸಿಗುವ ಒಂದು ಬ್ಯಾಟರಿಯಿಂದ ಇದು ಮುಗಿಯುತ್ತದೆ. ಇದಕ್ಕಾಗಿ ಇಡೀ ಕಂಪ್ಯೂಟರನ್ನು ಮೂಲೆಗೆ ಸರಿಸಿದ್ದನ್ನು ನಾನು ಕಂಡಿದ್ದೇನೆ.

ಕೊನೆಯದಾಗಿ ಹೆಸರಿನ ದೋಷ. ಇದನ್ನು ವಿವರಿಸಲು ನಿಮ್ಮನ್ನು ಮಸ್ಕಿಯ ಗುಡ್ಡಕ್ಕೇ ಕರೆದೊಯ್ಯಬೇಕು. 1915ರಲ್ಲಿ ನಿಜಾಮ ಸರ್ಕಾರದ ಗಣಿ ಎಂಜಿನಿಯರ್ ಬೀಡನ್ ಚಿನ್ನದ ಜಾಡು ಹುಡುಕುತ್ತ ಇಲ್ಲಿ ಅಲೆದಾಡುವಾಗ ಬಂಡೆಯೊಂದರ ಮೇಲೆ ಅಕ್ಷರಗಳನ್ನು ಕಂಡರು. ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿಯೇ ಓದಿದ್ದರು. ಆದರೆ ಆವರೆಗೆ ಸಿಕ್ಕ ಶಾಸನಗಳಲ್ಲಿದ್ದದ್ದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು. ಸಿಂಹಳದ ಗ್ರಂಥಗಳ ಆಧಾರದಿಂದ ಇವನೇ ಅಶೋಕನೆಂದು ವಿದ್ವಾಂಸರು ಹೇಳುತ್ತಿದ್ದರೂ ಶಾಸನದ ಸಾಕ್ಷ್ಯ ಬೇಕಿತ್ತು. ಮಸ್ಕಿಯ ಬಂಡೆಯ ಮೇಲೆ ‘ದೇವಾನಂಪಿಯಸ ಅಸೋಕಸ’ ಎಂದಿತ್ತು. ಬಿರುದೂ ಹೆಸರೂ ಒಂದೇ ಸಾಲಿನಲ್ಲಿ. ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಅದನ್ನು ಪ್ರಕಟಿಸಿದರು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ಸಿಂಧನೂರಿನಿಂದ ತುಂಗಭದ್ರೆ ದಾಟಿದರೆ ಸಿಗುವ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳಗಳಲ್ಲಿಯೂ ಅಶೋಕನ ಹೆಸರು ದೊರೆಯಿತು.

ಅಂತರಜಾಲದಲ್ಲಿಯೂ ಹೀಗೆಯೇ ಎರಡು ಗುರುತುಗಳು. ನೀವು ಬರೆಯುವುದು ಅಕ್ಷರದ ಹೆಸರು. ಯಂತ್ರಗಳು ಅರಿಯುವುದು ಅಂಕಿಯನ್ನು. ಇವೆರಡನ್ನೂ ಹೊಂದಿಸಿ ಹೇಳುವ ವ್ಯವಸ್ಥೆಯನ್ನು 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದರು. ಅದಕ್ಕೆ ಡಿಎನ್ಎಸ್ ಎನ್ನುತ್ತಾರೆ. ಅದೊಂದೇ ಕೆಟ್ಟರೆ ತಂತಿಗಳೆಲ್ಲ ಸರಿಯಿದ್ದರೂ ಯಾವ ಪುಟವೂ ತೆರೆಯದು. ಪರೀಕ್ಷೆ ಸುಲಭ: 8.8.8.8 ಎಂಬ ಅಂಕಿಗೆ ಪಿಂಗ್ ಮಾಡಿದರೆ ಉತ್ತರ ಬರುತ್ತದೆ, ಹೆಸರಿಗೆ ಮಾಡಿದರೆ ಬರುವುದಿಲ್ಲ ಎಂದಾದರೆ ದಾರಿ ಇದೆ, ದಾರಿ ತೋರುವವನು ಇಲ್ಲ.

ಹೋಲಿಕೆಯನ್ನು ಹೆಚ್ಚು ಎಳೆಯಬಾರದು. ಅಶೋಕನ ಕಾಲದಲ್ಲಿ ಅಂತರಜಾಲವಿತ್ತು ಎಂದು ನಾಳೆ ಯಾರಾದರೂ ಭಾಷಣ ಮಾಡಿದರೆ ನನ್ನ ಹೆಸರು ಹೇಳಬೇಡಿ. ಆದರೂ ಒಂದು ಮಾತು. ಮೊಳಕಾಲ್ಮುರು ಬಳಿಯ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಕಂಡ ಶಾಸನ ಓದಿ ನೋಡಿ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಆಮೇಲೆ ರಾಜನ ಆಜ್ಞೆಯನ್ನು ಮುಂದಿಡುತ್ತಾರೆ. ಯಾರಿಂದ, ಯಾರ ಮೂಲಕ, ಯಾರಿಗೆ ಎಂಬುದೆಲ್ಲ ಬಂಡೆಯ ಮೇಲಿದೆ. ಆ ಸುವರ್ಣಗಿರಿ ನಮ್ಮ ಕನಕಗಿರಿಯೆಂದು ಕೆಲವರು, ಆಂಧ್ರದ ಜೊನ್ನಗಿರಿಯೆಂದು ಕೆಲವರು. ಮಸ್ಕಿಯ ಬಂಡೆಯಲ್ಲಿ ಕೆಲವು ಅಕ್ಷರಗಳು ಅಳಿದಿವೆ. ಅದೇ ಸಂದೇಶ ಬೇರೆ ಊರುಗಳ ಬಂಡೆಗಳಲ್ಲಿಯೂ ಇದ್ದುದರಿಂದ ವಿದ್ವಾಂಸರು ಬಿಟ್ಟುಹೋದದ್ದನ್ನು ಹೊಂದಿಸಿ ಓದಿದರು.

ಇಂದು ಸಿಂಧನೂರು, ಮಸ್ಕಿ, ಲಿಂಗಸುಗೂರುಗಳನ್ನು ಪೋಣಿಸುವ ಹೆದ್ದಾರಿಯ ಬದಿಯಲ್ಲಿ ಗಾಜಿನ ಎಳೆಗಳು ಹುದುಗಿವೆ. ಗ್ರಾಮ ಪಂಚಾಯಿತಿಗಳವರೆಗೆ ಇಂಥ ಎಳೆ ಒಯ್ಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಅದೇ ಈಗಿನ ಭಾರತ್‌ನೆಟ್. ರಸ್ತೆ ಅಗಲ ಮಾಡುವವರು ಎಳೆ ಕಡಿದಾಗ ಹುಡುಕುವ ಕ್ರಮ ಪಿಂಗಿನದೇ ಅಣ್ಣ. ಒಂದು ತುದಿಯಿಂದ ಬೆಳಕಿನ ಚಿಕ್ಕ ಮಿಡಿತ ಬಿಡುತ್ತಾರೆ. ಕಡಿದಲ್ಲಿಂದ ಅದರ ಒಂದಂಶ ಹಿಂದಿರುಗುತ್ತದೆ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಹೋಗಿ ಬರಲು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ಹಿಡಿದರೆ ದೋಷ 100 ಮೀಟರ್ ದೂರದಲ್ಲಿದೆ.

ಇದನ್ನೆಲ್ಲ ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಸಂವಿಧಾನದ 371ಜೆ ವಿಧಿ 2013ರಲ್ಲಿ ಬಂದ ಮೇಲೆ ನಮ್ಮ ಭಾಗದ ವಿದ್ಯಾರ್ಥಿಗಳಿಗೆ ಮೀಸಲು ಸೀಟುಗಳು ದೊರೆತಿವೆ. ಆದರೆ ಸೀಟಿನ ಆಯ್ಕೆ, ವಿದ್ಯಾರ್ಥಿವೇತನ, ನೇಮಕಾತಿಯ ಅರ್ಜಿ ಇವೆಲ್ಲ ಅಂತರಜಾಲದಲ್ಲಿಯೇ ನಡೆಯುತ್ತವೆ, ಎಲ್ಲಕ್ಕೂ ಒಂದು ಕಡೆಯ ತಾರೀಖು ಇರುತ್ತದೆ. ಬೆಂಗಳೂರಿನ ಹುಡುಗನ ಬಳಿ ಒಂದು ಸಂಪರ್ಕ ಕಡಿದರೆ ಇನ್ನೆರಡು ಇರುತ್ತವೆ. ನಿಮ್ಮ ನಿಲಯದಲ್ಲಿ ಇರುವುದು ಒಂದು.

ಕಾರ್ಯಕ್ರಮದ ಚಿತ್ರೀಕರಣಕ್ಕೆ ಹೋದಾಗ ಲಿಂಗಸುಗೂರಿನ ಒಂದು ನಿಲಯದ ಕಂಪ್ಯೂಟರ್ ಕೋಣೆಯಲ್ಲಿ ದಾರ ಕಟ್ಟಿ ತೂಗುಹಾಕಿದ್ದ ನೋಟ್‌ಬುಕ್ ಒಂದನ್ನು ಕಂಡೆ. ಹುಡುಗಿಯರು ತಾವೇ ಇಟ್ಟುಕೊಂಡದ್ದು. ತಾರೀಖು, ವೇಳೆ, ದೀಪ ಇತ್ತೆ, ರೂಟರ್ ಉತ್ತರಿಸಿತೆ, ಕಡೆಗೆ ಸಿಕ್ಕ ಕಾರಣ ಎಂದು ಐದು ಅಂಕಣಗಳು. ಹಳೆಯ ತಂತಿ ಕಚೇರಿಯ ದೋಷದ ವಹಿ ಹೀಗೆಯೇ ಇದ್ದಿರಬೇಕು ಎನ್ನಿಸಿತು. ಪುಟ ತಿರುವಿದೆ. ಮಳೆಗಾಲದಲ್ಲಿ ನಮೂದುಗಳು ಹೆಚ್ಚು, ಪರೀಕ್ಷೆಯ ತಿಂಗಳಲ್ಲಿ ಕಡಿಮೆ. ಕೊನೆಯ ಸಾಲಿನಲ್ಲಿ ದುಂಡು ಅಕ್ಷರದಲ್ಲಿ ಹೀಗೆ ಬರೆದಿತ್ತು: “ದೀಪ ಇಲ್ಲ. ಬೀರುವಿನ ಹಿಂದೆ ಇಲಿ ಕಡಿದಿದೆ. ಮೂರು ಅಡಿ ಕೇಬಲ್ ಬದಲಿಸಿದೆವು. 6.40ಕ್ಕೆ ಬಂತು.”